ಒಬ್ಬರೇ ಆಡುವ ಇಸ್ಪೀಟು: ಕಂಪ್ಯೂಟರ್ ಸಾಲಿಟೇರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ಬಸವನಹಳ್ಳಿ ಮುಖ್ಯರಸ್ತೆಯ ಹತ್ತಿರ ಒಂದು ಮಹಡಿ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ನಿವೃತ್ತ ಮೇಷ್ಟ್ರುಗಳು ಬರುತ್ತಾರೆ, ಕಾಫಿ ತೋಟದ ರೈಟ್ರುಗಳು ಬರುತ್ತಾರೆ. ಮಕ್ಕಳು ಬೆಂಗಳೂರಿಗೆ ಹೋಗುವಾಗ ಬಿಟ್ಟುಹೋದ ಹಳೇ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಅಮ್ಮಂದಿರೂ ಬರುತ್ತಾರೆ. ಮೊದಲ ವಾರ ಎಲ್ಲರಿಗೂ ಸಾಲಿಟೇರ್ ಆಡಿಸುತ್ತೇನೆ. ಪ್ರಶ್ನೆಗಳು ಅಲ್ಲಿಂದಲೇ ಶುರು. ಕ್ಲಾಸಿನಲ್ಲಿ ಕೇಳಿದ್ದು, ವಾಟ್ಸಾಪಿನಲ್ಲಿ ಬಂದದ್ದು, ಮದುವೆಮನೆ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳಿದ್ದು, ಎಲ್ಲ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

### ಶುರು ಮಾಡುವವರಿಗೆ

ಕಂಪ್ಯೂಟರ್ ಕಲಿಯೋಕೆ ಬಂದ್ರೆ ಇಸ್ಪೀಟ್ ಆಡಿಸ್ತೀರಲ್ಲ ಸಾರ್, ಏನಿದು?

ಮೌಸ್ ಹಿಡಿಯುವುದನ್ನು ಕಲಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಇನ್ನೂ ಸಿಕ್ಕಿಲ್ಲ. ಒಬ್ಬ ಗಣಿತದ ಮೇಷ್ಟ್ರು ಬಂದಿದ್ದರು. "ಎಲೆಯನ್ನ ಮೇಲಕ್ಕೆ ಎಳೀರಿ ಮೇಷ್ಟ್ರೇ" ಅಂದೆ. ಅವರು ಮೌಸನ್ನೇ ಮೇಜಿನಿಂದ ಎತ್ತಿ ಪರದೆಯ ಹತ್ತಿರ ಹಿಡಿದರು. ಅವರ ತಪ್ಪಲ್ಲ, ನಾನು ಹೇಳಿದ್ದೇ ಹಾಗಿತ್ತು. ಆಮೇಲೆ ಅವರ ತೋರುಬೆರಳನ್ನು ಎಡಗುಂಡಿಯ ಮೇಲಿಟ್ಟು, "ಒತ್ತಿ, ಬಿಡಬೇಡಿ, ಮೌಸು ಮೇಜಿಗೆ ಅಂಟಿಕೊಂಡೇ ಇರಲಿ, ಹಾಗೇ ಜರುಗಿಸಿ, ಈಗ ಬಿಡಿ" ಅಂದೆ. ಆಟೀನು 7 ಹೋಗಿ ಇಸ್ಪೀಟು 8ರ ಮೇಲೆ ಕೂತಿತು. ಮೂರನೇ ದಿನ ಅವರು ಮೊಮ್ಮಗಳ ಫೋಟೋಗಳನ್ನು ತಾವೇ ಫೋಲ್ಡರಿಗೆ ಎಳೆದು ಹಾಕುತ್ತಿದ್ದರು.

ಮೈಕ್ರೋಸಾಫ್ಟ್ ಈ ಆಟವನ್ನು 1990ರಲ್ಲಿ ವಿಂಡೋಸ್ 3.0 ಜೊತೆ ಕೊಟ್ಟಾಗಲೂ ಇದೇ ಕಥೆ. ಆಗ ಬಹಳ ಜನ ಮೌಸ್ ಮುಟ್ಟಿಯೇ ಇರಲಿಲ್ಲ. ಎಳೆದು ಬಿಡುವ ಅಭ್ಯಾಸ ಆಟದಲ್ಲೇ ಆಗಿಹೋಯಿತು. ಬರೆದವರು ವೆಸ್ ಚೆರಿ, ಆಗ ಅಲ್ಲಿ ಇಂಟರ್ನ್. ಎಲೆಗಳ ಚಿತ್ರ ಬಿಡಿಸಿದವರು ಸೂಸನ್ ಕೇರ್. ಆಪಲ್ಲಿನ ಮೊದಲ ಮ್ಯಾಕಿಂಟಾಷ್‌ಗೆ ಐಕಾನ್ ಬರೆದವರೂ ಇವರೇ. ಲೋಕವೆಲ್ಲ ಆಡಿದ ಈ ಆಟದಿಂದ ಚೆರಿಯವರಿಗೆ ರಾಯಧನ ಅಂತ ಒಂದು ಕಾಸೂ ಬರಲಿಲ್ಲ.

ಇದು ಜೂಜಲ್ವಾ? ನಮ್ಮನೇಲಿ ಇಸ್ಪೀಟಿನ ಕಟ್ಟು ಹೊಸ್ತಿಲು ದಾಟೋ ಹಾಗಿಲ್ಲ.

ಎದುರಿಗೆ ಆಡುವವರಿಲ್ಲ, ಪಣವಿಲ್ಲ, ದುಡ್ಡಿನ ಮಾತೇ ಇಲ್ಲ. ಹಾಗಾಗಿ ಜೂಜಲ್ಲ. ಅಂದರ್ ಬಾಹರ್‌ಗೂ ಇದಕ್ಕೂ ಇರುವ ನಂಟು ಎಲೆಯಷ್ಟೇ. ಆದರೆ ಮೊಬೈಲಿನ ಪುಕ್ಕಟೆ ಆಪ್‌ಗಳಲ್ಲಿ "ದುಡ್ಡು ಹಾಕಿ, ದುಡ್ಡು ಗೆಲ್ಲಿ" ಅನ್ನುವ ಜಾಹೀರಾತು ನುಗ್ಗಿದರೆ ಮುಟ್ಟಬೇಡಿ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಕೇಂದ್ರದ ಕಾನೂನೇ ಬಂದಿದೆ.

ಇಷ್ಟು ಹೇಳಿದ ಮೇಲೂ ಒಬ್ಬರು ಅಮ್ಮ ಒಪ್ಪಲಿಲ್ಲ. ಅವರಿಗೆ ಪೇಂಟ್ ತೆರೆದುಕೊಟ್ಟೆ. ಮೌಸಿನಲ್ಲಿ ಚುಕ್ಕಿ ಇಟ್ಟು ರಂಗೋಲಿ ಬಿಟ್ಟರು. ಕೈ ಪಳಗಬೇಕು, ಅಷ್ಟೇ ತಾನೇ.

ಆಟ ಹೇಗೆ ಅಂತ ಒಂದ್ಸಲ ನಿಧಾನಕ್ಕೆ ಹೇಳಿ.

ಸಾಲಿಟೇರ್ ಅಂತ ನಾವು ಸುಮ್ನೆ ಕರೆಯುವ ಆಟದ ಸರಿಯಾದ ಹೆಸರು ಕ್ಲಾಂಡೈಕ್. 52 ಎಲೆ, ಜೋಕರ್ ಇಲ್ಲ. ಪರದೆಯ ಕೆಳಭಾಗದಲ್ಲಿ ಏಳು ಸಾಲು. ಮೊದಲನೆಯದರಲ್ಲಿ ಒಂದು ಎಲೆ, ಎರಡನೆಯದರಲ್ಲಿ ಎರಡು, ಹೀಗೇ ಏಳನೆಯದರಲ್ಲಿ ಏಳು. ಒಟ್ಟು 28. ಪ್ರತಿ ಸಾಲಿನ ಕೊನೆಯ ಎಲೆ ಮಾತ್ರ ಮುಖ ತೋರಿಸುತ್ತದೆ, ಉಳಿದ 21 ಎಲೆ ಬೋರಲು. ಮೇಲೆ ಮೂಲೆಯಲ್ಲಿ 24 ಎಲೆಯ ಕಟ್ಟು. ಅದರ ಮೇಲೆ ಕ್ಲಿಕ್ ಮಾಡಿದರೆ ಎಲೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಮೇಲೆಯೇ ನಾಲ್ಕು ಖಾಲಿ ಚೌಕ ಇವೆ. ನಮ್ಮ ಕ್ಲಾಸಿನಲ್ಲಿ ಅದಕ್ಕೆ ಮನೆ ಅನ್ನುತ್ತೇವೆ, ಚೌಕಾಬಾರದ ಹಾಗೆ.

ಇಸ್ಪೀಟು, ಆಟೀನು, ಡೈಮಂಡ್, ಕಳಾವರ್ ಈ ನಾಲ್ಕನ್ನೂ ಬೇರೆಬೇರೆಯಾಗಿ ಎಕ್ಕ, 2, 3 ಅಂತ ರಾಜನವರೆಗೆ ಮನೆ ಸೇರಿಸಿದರೆ ಗೆದ್ದಿರಿ. ಸಾಲುಗಳಲ್ಲಿ ಲೆಕ್ಕ ಉಲ್ಟಾ. ದೊಡ್ಡದರ ಮೇಲೆ ಅದಕ್ಕಿಂತ ಒಂದು ಕಡಿಮೆಯದು ಕೂರಬೇಕು, ಬಣ್ಣ ಬದಲಾಗಬೇಕು. ಕಪ್ಪು 9ರ ಮೇಲೆ ಕೆಂಪು 8, ಅದರ ಮೇಲೆ ಕಪ್ಪು 7. ಹೀಗೆ ಜೋಡಿಸಿದ ಸರವನ್ನು ಪೂರ್ತಿಯಾಗಿ ಬೇಕಾದರೂ ಎತ್ತಬಹುದು, ನಡುವಿನಿಂದ ಕೆಳಕ್ಕೆ ಬೇಕಾದರೂ ಎತ್ತಬಹುದು. ತೆರೆದ ಎಲೆ ಜಾಗ ಬಿಟ್ಟರೆ ಕೆಳಗಿನ ಬೋರಲು ಎಲೆ ತೆರೆಯುತ್ತದೆ. ಸಾಲು ಪೂರ್ತಿ ಖಾಲಿಯಾದರೆ ಅಲ್ಲಿಗೆ ರಾಜ ಮಾತ್ರ ಬರಬಹುದು, ಅಥವಾ ರಾಜನಿಂದ ಶುರುವಾದ ಸರ.

ಎಕ್ಕ ದೊಡ್ಡದೋ ಚಿಕ್ಕದೋ? ನಾವು ಆಡುವಾಗ ಎಕ್ಕಾನೇ ದೊಡ್ಡದು.

ಇಲ್ಲಿ ಎಕ್ಕ ಅಂದರೆ 1. ಎಲ್ಲಕ್ಕಿಂತ ಚಿಕ್ಕದು, ಮೊದಲು ಮನೆ ಸೇರುವುದೂ ಅದೇ. ರಾಜನ ಮೇಲೆ ಎಕ್ಕ ಇಡಲು ನೋಡಬೇಡಿ.

ಎಲೆ ಎಳೆದು ಬಿಟ್ರೆ ವಾಪಸ್ ಓಡಿಹೋಗುತ್ತೆ. ಮೌಸ್ ಕೆಟ್ಟಿದ್ಯಾ?

ಹತ್ತರಲ್ಲಿ ಒಂಬತ್ತು ಸಲ ಮೌಸ್ ಚೆನ್ನಾಗಿಯೇ ಇರುತ್ತದೆ. ಕೆಂಪಿನ ಮೇಲೆ ಕೆಂಪು ಇಡಲು ಹೋಗಿರುತ್ತೀರಿ, ಇಲ್ಲವೇ ಬೆರಳು ದಾರಿಯಲ್ಲೇ ಸಡಿಲವಾಗಿರುತ್ತದೆ. ಬೆರಳು ನಿಲ್ಲದವರು ಎಳೆಯುವ ಗೋಜಿಗೇ ಹೋಗಬೇಕಿಲ್ಲ. ಈಗಿನ ಆಟಗಳಲ್ಲಿ ಎಲೆಯ ಮೇಲೆ ಸುಮ್ನೆ ಕ್ಲಿಕ್ ಮಾಡಿದರೆ ಅದೇ ಜಾಗ ಹುಡುಕಿಕೊಂಡು ಹೋಗುತ್ತದೆ. ಹಳೆಯ ಆಟದಲ್ಲಿ ಎರಡು ಸಲ ಪಟಪಟ ಒತ್ತಿದರೆ ಎಲೆ ಮನೆಗೆ ಹೋಗುತ್ತಿತ್ತು. ಆದರೆ ನಮ್ಮ ಕ್ಲಾಸಿನಲ್ಲಿ ಮೊದಲ ವಾರ ಈ ಸವಲತ್ತು ಇಲ್ಲ!

ನನ್ನ ಕಂಪ್ಯೂಟರಲ್ಲಿ ಈ ಆಟಾನೇ ಕಾಣ್ತಿಲ್ಲ.

ವಿಂಡೋಸ್ 7ರವರೆಗೆ ಒಳಗೇ ಇತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ತೆಗೆದುಬಿಟ್ಟರು, ಬೇಕಿದ್ದವರು ಸ್ಟೋರಿನಿಂದ ಹಾಕಿಕೊಳ್ಳಬೇಕಾಯಿತು. ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್ ಸಾಲಿಟೇರ್ ಕಲೆಕ್ಷನ್ ಅನ್ನುವ ಹೆಸರಿನಲ್ಲಿ ವಾಪಸ್ ಬಂತು. ಜೊತೆಗೆ ಜಾಹೀರಾತೂ ಬಂತು. ಸ್ಟಾರ್ಟ್ ಒತ್ತಿ ಇಂಗ್ಲಿಷಿನಲ್ಲಿ ಸಾಲಿಟೇರ್ ಅಂತ ಟೈಪ್ ಮಾಡಿ. ಸಿಗದಿದ್ದರೆ ಸ್ಟೋರಿನಲ್ಲಿ ಪುಕ್ಕಟೆ ಸಿಗುತ್ತದೆ. ತೆರೆದರೆ ಐದು ಆಟ ಕಾಣುತ್ತವೆ, ಕ್ಲಾಂಡೈಕ್ ಆರಿಸಿಕೊಳ್ಳಿ. ಏನೂ ಹಾಕಿಕೊಳ್ಳುವುದು ಬೇಡ ಅನ್ನುವವರು ಗೂಗಲ್‌ನಲ್ಲಿ ಅದೇ ಹೆಸರು ಹುಡುಕಿ, ಆಟ ಅಲ್ಲೇ ತೆರೆದುಕೊಳ್ಳುತ್ತದೆ. ವಿಂಡೋಸ್ ಬದಲು ಉಬುಂಟು ಇಟ್ಟುಕೊಂಡವರಿಗೆ ಐಲ್‌ರಯಟ್ ಅಂತ ಒಂದಿದೆ. ಜಾಹೀರಾತಿಲ್ಲ, ಎಂಬತ್ತಕ್ಕೂ ಹೆಚ್ಚು ಬಗೆಯ ಆಟ. ನನಗೆ ಇಷ್ಟ ಅದೇ.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ. ಆಡೋಕಾಗುತ್ತಾ?

ಇದು ಮೂಡಿಗೆರೆ, ಆಲ್ದೂರು ಕಡೆಯವರ ಪ್ರಶ್ನೆ. ಜುಲೈ ತಿಂಗಳಲ್ಲಿ ಇನ್ಯಾರು ಕೇಳ್ತಾರೆ? ಒಮ್ಮೆ ಹಾಕಿಕೊಂಡ ಮೇಲೆ ಆಟಕ್ಕೆ ನೆಟ್ ಬೇಡ, ದಿನಕ್ಕೊಂದು ಕೊಡುವ ಸವಾಲುಗಳಿಗೆ ಮಾತ್ರ ಬೇಕು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇರುವಷ್ಟು ಹೊತ್ತು ಆಡಬಹುದು. ಹಳೇ ವಿಂಡೋಸ್ ಎಕ್ಸ್‌ಪಿ ಡೆಸ್ಕ್‌ಟಾಪಿನಲ್ಲಿ ಕರೆಂಟ್ ಹೋದರೆ ಆಟವೂ ಹೋಯಿತು, ಅದು ಏನನ್ನೂ ಉಳಿಸಿಕೊಳ್ಳುವುದಿಲ್ಲ. ಯುಪಿಎಸ್ ಕೀಂ ಅನ್ನಲು ಶುರು ಮಾಡಿದರೆ ಮೊದಲು ಚೆಕ್‌ರೋಲ್ (ತೋಟದಾಳುಗಳ ಹಾಜರಿ, ಕೂಲಿ ಲೆಕ್ಕ) ಫೈಲು ಸೇವ್ ಮಾಡಿ. ಆಟ ಹೋದರೆ ಹೋಗಲಿ.

### ಸ್ವಲ್ಪ ಕೈ ಪಳಗಿದ ಮೇಲೆ

ಒಂದೆಲೆ ಆಟ ಆಡ್ಲೋ, ಮೂರೆಲೆ ಆಟ ಆಡ್ಲೋ?

ಕಟ್ಟಿನ ಮೇಲೆ ಒತ್ತಿದಾಗ ಒಂದೊಂದೇ ಎಲೆ ತೆರೆಯಬೇಕೋ, ಮೂರು ಮೂರು ತೆರೆಯಬೇಕೋ ಅನ್ನುವುದು ಸೆಟ್ಟಿಂಗಿನಲ್ಲಿದೆ. ಮೂರು ತೆರೆದರೆ ಮೇಲಿನದು ಮಾತ್ರ ಕೈಗೆ ಸಿಗುತ್ತದೆ. ಸತತ ಐದು ಆಟದಲ್ಲಿ ಎರಡು ಗೆಲ್ಲುವವರೆಗೆ ಒಂದೆಲೆ ಆಟವನ್ನೇ ಆಡಿ. ಇದು ನನ್ನದೇ ಅಳತೆ, ಶಾಸ್ತ್ರವೇನಲ್ಲ.

ದಿನಾ ಆಡ್ತೀನಿ, ದಿನಾ ಸೋಲ್ತೀನಿ. ಎಲ್ಲಿ ತಪ್ತಿದೀನಿ?

ನಾನು ಹಿಂದೆ ನಿಂತು ನೂರಾರು ಆಟ ನೋಡಿದ್ದೇನೆ. ಸೋಲುವವರೆಲ್ಲ ಮನೆ ತುಂಬಿಸುವ ಆತುರದಲ್ಲಿರುತ್ತಾರೆ. ನಿಜವಾದ ಕೆಲಸ ಇರುವುದು ಕೆಳಗೆ, ಆ 21 ಬೋರಲು ಎಲೆಗಳಲ್ಲಿ. ಒಂದೆಲೆ ಆಟದಲ್ಲಿ ಅವು ಪೂರ್ತಿ ತೆರೆದುಕೊಂಡರೆ ಗೆಲುವು ಖಚಿತ, ಕಟ್ಟಿನಲ್ಲಿ ಏನೇ ಉಳಿದಿರಲಿ. ಹಾಗಾಗಿ ಪ್ರತಿ ನಡೆಗೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರಿಂದ ಬೋರಲು ಎಲೆ ತೆರೆಯುತ್ತಾ?

ಒಂದು ಉದಾಹರಣೆ. ಮೂರನೇ ಸಾಲಿನ ತುದಿಯಲ್ಲಿ ಕಳಾವರ್ 9 ಇದೆ. ಎರಡನೇ ಸಾಲಿನಲ್ಲಿ ಆಟೀನು 8, ಅದರ ಕೆಳಗೆ ಒಂದೇ ಬೋರಲು ಎಲೆ. ಆರನೇ ಸಾಲಿನಲ್ಲಿ ಡೈಮಂಡ್ 8, ಕೆಳಗೆ ಐದು ಬೋರಲು ಎಲೆ. ಎರಡು 8ರಲ್ಲಿ ಒಂದಕ್ಕೆ ಮಾತ್ರ ಜಾಗ. ಹೆಚ್ಚಿನವರ ಕೈ ಪಕ್ಕದಲ್ಲೇ ಇರುವ ಆಟೀನಿಗೆ ಹೋಗುತ್ತದೆ. ನಾನಾದರೆ ಡೈಮಂಡ್ ಎತ್ತುತ್ತೇನೆ. ಹೂತುಹೋದ ಎಲೆ ಜಾಸ್ತಿ ಇರುವ ಸಾಲನ್ನು ಮೊದಲು ಅಗೆಯಬೇಕು. ಅದನ್ನು ಕೊನೆಗೆ ಇಟ್ಟುಕೊಂಡರೆ ಬೇಕಾದ ಎಕ್ಕ, 2 ಎಲ್ಲ ಅದರಡಿಯಲ್ಲೇ ಸಿಕ್ಕಿಕೊಂಡಿರುತ್ತವೆ. ಒಂದು ವೇಳೆ ರಾಜ ಆಗಲೇ ತೆರೆದು ಜಾಗಕ್ಕೆ ಕಾಯುತ್ತಿದ್ದರೆ ಮಾತ್ರ ಎರಡನೇ ಸಾಲನ್ನು ಖಾಲಿ ಮಾಡುವುದು ಲಾಭ.

ಇನ್ನೊಂದು ತಪ್ಪು, 5, 6 ಎಲೆಗಳನ್ನು ಸಿಕ್ಕಿದ ತಕ್ಷಣ ಮನೆಗೆ ಕಳಿಸುವುದು. ಎಕ್ಕ, 2 ಬಂದರೆ ಯೋಚಿಸದೆ ಕಳಿಸಿ. ಅದಕ್ಕಿಂತ ದೊಡ್ಡದಾದರೆ ತಡೆಯಿರಿ. ಕಪ್ಪು 5 ಕೆಳಗಿದ್ದರೆ ಅದರ ಮೇಲೆ ಕೆಂಪು 4 ಕೂರಬಹುದು, ಮನೆಗೆ ಹೋದರೆ ಆ ಜಾಗ ಹೋಯಿತು. ಎರಡೂ ಕೆಂಪು 4 ಆಗಲೇ ಮನೆ ಸೇರಿವೆಯಾ? ಹಾಗಾದರೆ ಕಪ್ಪು 5ಕ್ಕೆ ಕೆಳಗೆ ಕೆಲಸವಿಲ್ಲ, ಕಳಿಸಿಬಿಡಿ.

ಖಾಲಿ ಸಾಲು ಸಿಕ್ತು, ರಾಜ ಯಾವುದಾದ್ರೂ ಇಟ್ಟುಬಿಡ್ಲಾ?

ಬೇಡ. ಕೆಂಪು ರಾಜ ಇಟ್ಟರೆ ಅದರ ಮೇಲೆ ಕಪ್ಪು ರಾಣಿ, ಕೆಂಪು ಗುಲಾಮ, ಕಪ್ಪು 10 ಬರಬೇಕು. ನಿಮ್ಮ ಕಣ್ಣೆದುರು ಕಪ್ಪು ರಾಣಿ ಇದೆಯೋ, ಕೆಂಪು ರಾಣಿ ಇದೆಯೋ ನೋಡಿ ರಾಜನ ಬಣ್ಣ ಆರಿಸಿ. ಇಡಲು ರಾಜನೇ ಇಲ್ಲದಿದ್ದರೆ ಸಾಲು ಖಾಲಿ ಮಾಡುವುದರಿಂದ ಏನೂ ಸಿಗುವುದಿಲ್ಲ. ಕಣ ಗುಡಿಸಿ ಇಟ್ಟಾಯಿತು, ಒಣಗಿಸಲು ಕಾಫಿಯೇ ಬರಲಿಲ್ಲ ಅನ್ನುವ ಹಾಗೆ.

ಅಂಡೂ ಒತ್ತಿದ್ರೆ ಮೋಸ ಅಲ್ವಾ?

ಎದುರಾಳಿಯೇ ಇಲ್ಲ, ಮೋಸ ಯಾರಿಗೆ? ಕಲಿಯುವಾಗ ಕಂಟ್ರೋಲ್ ಜೊತೆ ಝಡ್ ಒತ್ತಿ ಹಿಂದೆ ಹೋಗಿ, ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ನೋಡಿ. ಮೇಲೆ ಹೇಳಿದ ಎರಡು 8ರ ಪಾಠವನ್ನು ನಾನು ಕಲಿತದ್ದೇ ಹಾಗೆ. ಎಕ್ಸ್‌ಪಿಯಲ್ಲಿ ಇದಕ್ಕಿಂತ ದೊಡ್ಡ ಮೋಸ ಇತ್ತು. ಆಲ್ಟ್, ಶಿಫ್ಟ್, 2 ಒಟ್ಟಿಗೆ ಒತ್ತಿದರೆ ಆಟ ಅಲ್ಲಿಗೇ ಗೆದ್ದಂತೆ ಆಗಿ ಎಲೆಗಳು ಪುಟಿಯಲು ಶುರು ಮಾಡುತ್ತಿದ್ದವು. ರೈಟ್ರೊಬ್ಬರು ಇದನ್ನು ಕಲಿತು ಒಂದು ವಾರ ಎಲ್ಲರನ್ನೂ ಬೆರಗು ಮಾಡಿಟ್ಟಿದ್ದರು.

ಪಾಯಿಂಟು ಹೇಗೆ ಬರುತ್ತೆ? ನಂದು ಕಮ್ಮಿ ಆಗ್ತಾನೇ ಇರುತ್ತೆ.

ಹಳೆಯ ವಿಂಡೋಸ್ ಲೆಕ್ಕ ಹೇಳುತ್ತೇನೆ. ಎಲೆ ಮನೆ ಸೇರಿದರೆ 10. ಕಟ್ಟಿನಿಂದ ಸಾಲಿಗೆ ಬಂದರೆ 5. ಬೋರಲು ಎಲೆ ತೆರೆದರೆ 5. ಮನೆಯಿಂದ ವಾಪಸ್ ಸಾಲಿಗೆ ಇಳಿಸಿದರೆ 15 ಕಡಿತ. ಗಡಿಯಾರ ಹಾಕಿಕೊಂಡು ಆಡಿದರೆ ಪ್ರತಿ 10 ಸೆಕೆಂಡಿಗೆ 2 ಹೋಗುತ್ತದೆ, ನಿಮ್ಮದು ಕರಗುತ್ತಿರುವುದು ಇಲ್ಲೇ. ಗೆದ್ದ ಮೇಲೆ 7,00,000ವನ್ನು ನೀವು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿ ಬೋನಸ್ ಕೊಡುತ್ತದೆ. 200 ಸೆಕೆಂಡಿನಲ್ಲಿ ಮುಗಿಸಿದರೆ 3,500.

ವೇಗಾಸ್ ಅಂತ ಇನ್ನೊಂದು ಲೆಕ್ಕ ಇದೆ, ಸುಳ್ಳು ಡಾಲರಿನದು. ಶುರುವಿಗೆ 52 ಡಾಲರ್ ಸಾಲ, ಮನೆ ಸೇರಿದ ಪ್ರತಿ ಎಲೆಗೆ 5 ಡಾಲರ್. 11 ಎಲೆ ಮನೆಗೆ ಹೋದರೆ ಸಾಲ ತೀರಿ 3 ಡಾಲರ್ ಲಾಭ. ಪೂರ್ತಿ ಗೆದ್ದರೆ 208. ಕಟ್ಟನ್ನು ಎಷ್ಟು ಸಲ ಬೇಕಾದರೂ ತಿರುಗಿಸುವ ಹಾಗಿಲ್ಲ. ಒಂದೆಲೆ ಆಟದಲ್ಲಿ ಒಂದೇ ಸುತ್ತು, ಮೂರೆಲೆ ಆಟದಲ್ಲಿ ಮೂರು ಸುತ್ತು.

ಆಫೀಸಲ್ಲಿ ಆಡಿದ್ರೆ ಏನಾಗುತ್ತೆ ಬಿಡಿ ಸಾರ್?

2006ರಲ್ಲಿ ನ್ಯೂಯಾರ್ಕ್ ಮೇಯರ್ ಮೈಕೇಲ್ ಬ್ಲೂಮ್‌ಬರ್ಗ್ ಕಚೇರಿಯೊಂದಕ್ಕೆ ಹೋದಾಗ ಒಬ್ಬ ನೌಕರನ ಪರದೆಯ ಮೇಲೆ ಸಾಲಿಟೇರ್ ಕಂಡರು. ಆತನ ಕೆಲಸವೇ ಹೋಯಿತು. ವೆಸ್ ಚೆರಿ ಇದನ್ನು ಮೊದಲೇ ಊಹಿಸಿದ್ದರೋ ಏನೋ. ಸಾಹೇಬರು ಬಂದಾಗ ಒಂದು ಕೀ ಒತ್ತಿದರೆ ಸುಳ್ಳು ಲೆಕ್ಕದ ಹಾಳೆ ಕಾಣುವ ಹಾಗೆ ಮಾಡಿಟ್ಟಿದ್ದರಂತೆ. ಮೈಕ್ರೋಸಾಫ್ಟ್ ಅದನ್ನು ತೆಗೆಸಿತು.

ನನ್ನದೂ ಒಂದಿದೆ. ಮೊದಲು ನಾನೊಂದು ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಶನಿವಾರ ಬಟವಾಡೆ. ಒಂದು ಶನಿವಾರ ಆಟ ಆಡುತ್ತಲೇ ಹಾಜರಿ ಹಾಕಿದೆ, ಮೂವರಿಗೆ ಅರ್ಧ ದಿನದ ಕೂಲಿ ಬಿಟ್ಟುಹೋಯಿತು. ಸಾಲಿನಲ್ಲಿ ನಿಂತಿದ್ದ ಒಬ್ಬರು ಹೆಂಗಸು ಸೋಮವಾರದಿಂದ ಬೆರಳು ಮಡಚುತ್ತಾ ಲೆಕ್ಕ ಒಪ್ಪಿಸಿದರು. ಸರಿ ಇದ್ದದ್ದು ಅವರ ಬೆರಳೇ. ಅವತ್ತು ಆ ಕಂಪ್ಯೂಟರಿನಿಂದ ಆಟವನ್ನು ನಾನೇ ತೆಗೆದುಹಾಕಿದೆ.

### ಇನ್ನೂ ಮುಂದೆ ಹೋಗುವವರಿಗೆ

ಎಲ್ಲ ಆಟಾನೂ ಗೆಲ್ಲೋಕಾಗುತ್ತಾ, ಇಲ್ಲಾ ಕಂಪ್ಯೂಟರ್ ಬೇಕಂತ್ಲೇ ಸೋಲಿಸುತ್ತಾ?

ಬೇಕಂತ ಸೋಲಿಸುವುದಿಲ್ಲ, ಆದರೆ ಕೆಲವು ಹಂಚಿಕೆ ಹುಟ್ಟುವಾಗಲೇ ಸೋತಿರುತ್ತವೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸಂಶೋಧಕರು ಮೂರೆಲೆ ಆಟವನ್ನು ಕಂಪ್ಯೂಟರಿಗೆ ಕೊಟ್ಟು ಲೆಕ್ಕ ಹಾಕಿದ್ದಾರೆ. ಬೋರಲು ಎಲೆಗಳೆಲ್ಲ ಏನೇನು ಅಂತ ಮೊದಲೇ ಗೊತ್ತಿದ್ದರೆ, ನೂರರಲ್ಲಿ ಸುಮಾರು 82 ಆಟಕ್ಕೆ ಗೆಲ್ಲುವ ದಾರಿ ಇದೆ. ನಮಗೆ ಬೋರಲು ಎಲೆ ಕಾಣುವುದಿಲ್ಲ, ಹಾಗಾಗಿ ನಮ್ಮ ಗೆಲುವು ಅದಕ್ಕಿಂತ ತೀರಾ ಕಮ್ಮಿ. ಕಲೆಕ್ಷನ್ನಿನಲ್ಲಿ ಸುಲಭ, ಕಷ್ಟ ಅಂತ ಮಟ್ಟ ಆರಿಸಿಕೊಂಡು ಆಡಿದರೆ ದಾರಿ ಇದ್ದೇ ಇರುವ ಹಂಚಿಕೆಯನ್ನೇ ಕೊಡುತ್ತದೆ. ಸೋತರೆ ಆಗ ಕಂಪ್ಯೂಟರನ್ನು ಬೈಯುವ ಹಾಗಿಲ್ಲ.

ಮೂರೆಲೆ ಆಟದಲ್ಲಿ ಬೇಕಾದ ಎಲೆ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗಲ್ಲ. ಏನ್ಮಾಡ್ಲಿ?

ಮೊದಲ ಸುತ್ತಿನಲ್ಲಿ ಏನೂ ಎತ್ತದೆ ಕಟ್ಟು ಪೂರ್ತಿ ನೋಡಿಬಿಡಿ. 24 ಎಲೆ ಮೂರರಂತೆ ಎಂಟು ಗುಂಪಾಗಿ ಬರುತ್ತವೆ. ಕೈಗೆ ಸಿಗುವುದು 3ನೆಯದು, 6ನೆಯದು, 9ನೆಯದು, ಹೀಗೆ. ಮುಂದಿನ ಸುತ್ತಿನಲ್ಲಿ 3ನೇ ಎಲೆಯನ್ನು ಎತ್ತಿಕೊಂಡಿರಿ ಅನ್ನಿ. ಅದರ ನಂತರದ ಸುತ್ತಿನಲ್ಲಿ ಗುಂಪೆಲ್ಲ ಒಂದೊಂದು ಎಲೆ ಸರಿದು, ಮೊದಲು 4ನೆಯದು, ಆಮೇಲೆ 7ನೆಯದು, 10ನೆಯದು ಮೇಲೆ ಬರುತ್ತವೆ. ಅಂದರೆ ಮುಂದೆ ಸಿಕ್ಕಿಕೊಂಡಿರುವ ಎಲೆಯನ್ನು ಬಿಡಿಸಲು ಅದಕ್ಕಿಂತ ಮೊದಲು ಬರುವ ಒಂದನ್ನೋ ಎರಡನ್ನೋ ಎತ್ತಿದರೆ ಸಾಕು. ಮೂರು ಎತ್ತಿದರೆ ಅದರ ಮುಂದಿನದೆಲ್ಲ ಮತ್ತೆ ಹಳೇ ಜಾಗಕ್ಕೇ ಬರುತ್ತದೆ! ಗಣಿತದ ಮೇಷ್ಟ್ರಿಗೆ ಇದನ್ನು ನಾನು ಹೇಳಿಕೊಡಲಿಲ್ಲ, ಅವರೇ ಕ್ಯಾಲೆಂಡರ್ ಹಿಂಬದಿಯಲ್ಲಿ ಬರೆದು ನನಗೆ ತೋರಿಸಿದ್ದು.

ಜೇಡದ ಚಿತ್ರ ಇರೋ ಆಟ ಇದೇನಾ?

ಅದು ಸ್ಪೈಡರ್, ಆಟವೇ ಬೇರೆ. ಎರಡು ಕಟ್ಟು, 104 ಎಲೆ, ಹತ್ತು ಸಾಲು. ಶುರುವಿನಲ್ಲಿ 54 ಎಲೆ ಹಂಚಿರುತ್ತದೆ, ಉಳಿದ 50 ಎಲೆ ಹತ್ತರಂತೆ ಐದು ಸಲ ಬೀಳುತ್ತವೆ. ರಾಜನಿಂದ ಎಕ್ಕದವರೆಗೆ ಒಂದೇ ಗುರುತಿನ ಸರ ಆದರೆ ಅದು ಮೇಜಿನಿಂದ ಎದ್ದುಹೋಗುತ್ತದೆ. ಎಂಟು ಸರ ಎದ್ದರೆ ಗೆಲುವು. ಬೇರೆ ಗುರುತಿನ ಎಲೆಯ ಮೇಲೂ ಇಡಬಹುದು, ಆದರೆ ಹಾಗೆ ಬೆರೆತ ಸರವನ್ನು ಒಟ್ಟಿಗೆ ಎತ್ತಲಾಗದು. ಒಂದೇ ಗುರುತಿನ ಮಟ್ಟದಿಂದ ಶುರು ಮಾಡಿ. ನಾಲ್ಕು ಗುರುತಿನದಕ್ಕೆ ಕೂತರೆ ಒಲೆ ಮೇಲೆ ಹಾಲಿಟ್ಟು ಬರಬೇಡಿ.

ಅದೃಷ್ಟವೇ ಬೇಡದ ಆಟ ಯಾವುದಿದೆ? 11982 ಅಂತ ಏನೋ ಹೇಳ್ತಾರಲ್ಲ, ಏನದು?

ಫ್ರೀಸೆಲ್. 52 ಎಲೆಯೂ ಮೊದಲೇ ಮುಖ ತೋರಿಸಿರುತ್ತವೆ, ಎಂಟು ಸಾಲಿನಲ್ಲಿ. ಎಲೆಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ನಾಲ್ಕು ಖಾಲಿ ಜಾಗ ಇವೆ. ಒಟ್ಟಿಗೆ ಎಷ್ಟು ಎಲೆ ಜರುಗಿಸಬಹುದು ಅನ್ನುವುದು ಆ ಜಾಗಗಳ ಮೇಲೆ ನಿಂತಿದೆ. ನಾಲ್ಕೂ ಖಾಲಿ ಇದ್ದರೆ ಐದು ಎಲೆ, ಎರಡು ಖಾಲಿ ಇದ್ದರೆ ಮೂರು. ಜೊತೆಗೊಂದು ಸಾಲೂ ಖಾಲಿ ಇದ್ದರೆ ಎರಡರಷ್ಟು. ಆದ್ದರಿಂದ ಆ ನಾಲ್ಕು ಜಾಗವನ್ನು ಅಟ್ಟ ಮಾಡಿಕೊಳ್ಳಬೇಡಿ, ಕಂಡದ್ದನ್ನೆಲ್ಲ ತುಂಬಲು.

ಪಾಲ್ ಆಲ್ಫಿಲ್ ಇದನ್ನು 1978ರಲ್ಲಿ ಪ್ಲೇಟೋ ಅನ್ನುವ ಕಂಪ್ಯೂಟರ್ ವ್ಯವಸ್ಥೆಗೆ ಬರೆದರು. ವಿಂಡೋಸಿಗೆ ತಂದವರು ಜಿಮ್ ಹಾರ್ನ್. ಹಳೆಯ ವಿಂಡೋಸಿನಲ್ಲಿ 1ರಿಂದ 32,000ದವರೆಗೆ ನಂಬರು ಹಾಕಿದ ಹಂಚಿಕೆಗಳಿದ್ದವು. 1990ರ ದಶಕದಲ್ಲಿ ಇಂಟರ್ನೆಟ್ಟಿನಲ್ಲಿ ಒಂದಷ್ಟು ಜನ ಎಲ್ಲವನ್ನೂ ಹಂಚಿಕೊಂಡು ಆಡಿದರು. ಒಂದು ಮಾತ್ರ ಯಾರಿಗೂ ಬಗೆಹರಿಯಲಿಲ್ಲ, 11982. ಆಮೇಲೆ ಕಂಪ್ಯೂಟರಿನಿಂದ ಹುಡುಕಿಸಿದರೂ ದಾರಿ ಸಿಗಲಿಲ್ಲ. ಎಕ್ಸ್‌ಪಿಯಲ್ಲಿ ಹಂಚಿಕೆಗಳನ್ನು ಹತ್ತು ಲಕ್ಷಕ್ಕೆ ಏರಿಸಿದರು, ಅದರಲ್ಲೂ ದಾರಿ ಇಲ್ಲದ್ದು ಎಂಟೇ.

ಹಳೆಯ ಫ್ರೀಸೆಲ್ ಇದ್ದರೆ ಎಫ್3 ಒತ್ತಿ, ನಂಬರ್ ಕೇಳುತ್ತದೆ. 11982 ಹಾಕಿ ನೋಡಿ. ಮೇಷ್ಟ್ರಿಗೆ ಇದನ್ನು ಹೇಳಿದ ದಿನ ಅವರು "ಯಾರಿಗೂ ಆಗಿಲ್ಲ ಅಂದ್ರೆ ನಂಗೂ ಆಗಲ್ಲ ಅಂತಾನಾ?" ಅಂದರು. ಈಗಲೂ ವಾರಕ್ಕೊಮ್ಮೆ ಆ ನಂಬರ್ ಹಾಕಿಕೊಂಡು ಕೂರುತ್ತಾರೆ. ಕ್ಲಾಸು ಮುಗಿದು ಬಾಗಿಲು ಹಾಕುವ ಹೊತ್ತಿಗೆ ಅವರನ್ನು ಎಬ್ಬಿಸುವುದೇ ಒಂದು ಕೆಲಸ.